ಪಾಠ ಬಿಟ್ಟು ಉಳಿದದ್ದು

ಮಗುವಿಗೆ ಹೆಸರಿಡುವಾಗ ಮನೆಯಲ್ಲಿ ಎಷ್ಟು ಚರ್ಚೆ ನಡೆಯುತ್ತದೆಯೋ ಅದರ ಎರಡರಷ್ಟು ಚರ್ಚೆ ಆ ಮಗು ಎಂಟನೆಯ ಇಯತ್ತೆಗೆ ಬಂದಾಗ ನಡೆಯುತ್ತದೆ. ಹೆಸರಿನ ವಿಷಯದಲ್ಲಿ ಅಜ್ಜಿಯೋ ಸೋದರತ್ತೆಯೋ ಒಂದು ಮಾತು ಆಡಿ ಮುಗಿಸಿಬಿಡುತ್ತಾರೆ. ಆದರೆ ಹೈಸ್ಕೂಲಿನಿಂದ ಬರುವ ಪಠ್ಯೇತರ ಚಟುವಟಿಕೆಗಳ ಫಾರ್ಮಿಗೆ ಹಾಗೆ ಮಂಗಳ ಹಾಡುವವರು ಯಾರೂ ಇಲ್ಲ. ಅಪ್ಪನ ಲೆಕ್ಕಾಚಾರ ಒಂದು, ಅವ್ವನ ಆಸೆ ಇನ್ನೊಂದು, ನೆರೆಮನೆಯವರ ಸಲಹೆ ಮತ್ತೊಂದು. ಇವೆಲ್ಲ ಮುಗಿದ ಮೇಲೆ, ನೆನಪಾದರೆ, ಮಗುವನ್ನು ಕೇಳುವುದು.

ನಮ್ಮ ಸಂಘದ ಸದಸ್ಯರಲ್ಲಿ ಬಹಳಷ್ಟು ಜನ ಈ ಫಾರ್ಮನ್ನು ಒಮ್ಮೆಯಾದರೂ ತುಂಬಿರುತ್ತೀರಿ. ಆದ್ದರಿಂದ ನಮ್ಮ ಮನೆಯ ಕಥೆ ನಿಮಗೆ ತೀರ ಹೊಸದೇನೂ ಅಲ್ಲ. ನಾವು ಗದಗ ಸೀಮೆಯವರು. ಬಿ.ಎಸ್‌ಸಿ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿತು. ‘ನಾವು’ ಎಂದು ಬರೆಯುವುದು ದೊಡ್ಡಸ್ತಿಕೆಯಿಂದಲ್ಲ; ಕಚೇರಿಯ ಕಡತಗಳಲ್ಲಿ ‘ನಾನು’ ಎಂದು ಬರೆಯುವ ರೂಢಿಯೇ ತಪ್ಪಿಹೋಗಿದೆ. ಕ್ವಾರ್ಟರ್ಸಿನಲ್ಲಿ ಎರಡು ಕೋಣೆಯ ಮನೆ, ಒಂದು ಸ್ಕೂಟರು, ಊರಿಂದ ಆಗಾಗ ಬಂದುಹೋಗುವ ತಾಯಿ, ನಮ್ಮಾಕೆ, ಮತ್ತು ಎಂಟನೆಯ ಇಯತ್ತೆಯ ಒಬ್ಬಳೇ ಮಗಳು. ಇಷ್ಟು ನಮ್ಮ ಸಂಸಾರ.

ಪುಣೆ ಎಂದರೆ ಹೇಳಿಕೇಳಿ ವಿದ್ಯೆಯ ಊರು. ಇಲ್ಲಿ ಮಗು ಏನನ್ನಾದರೂ ಕಲಿಯಬೇಕೆಂದರೆ ಕಲಿಸುವವರು ಇಲ್ಲವೆಂಬ ಮಾತೇ ಇಲ್ಲ. ಶಾಲೆಯ ಫಾರ್ಮಿನಲ್ಲಿ ಎನ್‌.ಸಿ.ಸಿ., ಸ್ಕೌಟ್-ಗೈಡ್, ರಸ್ತೆ ಸುರಕ್ಷತೆಯ ಆರ್‌.ಎಸ್‌.ಪಿ. ಎಂದು ಸಾಲಾಗಿ ಇದ್ದವು. ಶಾಲೆಯ ಹೊರಗಿನ ಪಟ್ಟಿಯಂತೂ ಹನುಮಂತನ ಬಾಲ. 1924ರಲ್ಲಿ ಹುಟ್ಟಿದ ಮಹಾರಾಷ್ಟ್ರೀಯ ಮಂಡಳದಂಥ ವ್ಯಾಯಾಮ ಸಂಸ್ಥೆ ಇಲ್ಲಿದೆ. ನಾವು ಊರಲ್ಲಿ ಧೂಳಿನಲ್ಲಿ ಆಡುತ್ತಿದ್ದ ಖೋ-ಖೋ ಆಟಕ್ಕೆ 1914ರಲ್ಲಿ ಮೊದಲು ನಿಯಮಗಳನ್ನು ಬರೆದು ಕಟ್ಟುಪಾಡು ಮಾಡಿದ್ದೂ ಇದೇ ಊರಿನ ಡೆಕ್ಕನ್ ಜಿಮ್‌ಖಾನಾ. ಗಣೇಶೋತ್ಸವ ಎರಡು ತಿಂಗಳಿದೆ ಎನ್ನುವಾಗಲೇ ಮುಠಾ ನದಿಯ ದಂಡೆಯ ಮೇಲೆ ಢೋಲ್-ತಾಶಾ ಪಥಕಗಳ ತಾಲೀಮು ಶುರುವಾಗುತ್ತದೆ. ಸೊಂಟಕ್ಕೆ ಢೋಲು ಕಟ್ಟಿಕೊಂಡ ಹುಡುಗಿಯರು ಹುಡುಗರಿಗಿಂತ ಒಂದು ಕೈ ಹೆಚ್ಚಾಗಿಯೇ ಬಾರಿಸುತ್ತಾರೆ. ಇನ್ನು ಚದುರಂಗ, ಅಬ್ಯಾಕಸ್, ರೋಬೋಟಿಕ್ಸ್, ಕಥಕ್. ಇವೆಲ್ಲದರ ಮೇಲೆ ಕಣ್ಣಿಟ್ಟು ಕೂತಿರುವ, ಎಂಟನೆಯ ಇಯತ್ತೆಯಿಂದಲೇ ಐ.ಐ.ಟಿ.ಗೆ ತಯಾರಿ ಮಾಡಿಸುವ ‘ಫೌಂಡೇಶನ್’ ಕ್ಲಾಸು.

ಇದರಲ್ಲಿ ಅಂಕಗಳ ಆಕರ್ಷಣೆ ಬೇರೆ. ಮಹಾರಾಷ್ಟ್ರದಲ್ಲಿ ಹತ್ತನೆಯ ಪರೀಕ್ಷೆಗೆ ಕಲೆ-ಕ್ರೀಡೆಗಳ ಹೆಚ್ಚುವರಿ ಅಂಕ ಸೇರುತ್ತದೆ. ಸರಕಾರದ ಚಿತ್ರಕಲಾ ಪರೀಕ್ಷೆಗಳಲ್ಲಿ ಎಲಿಮೆಂಟರಿ ಮುಗಿಸಿ ಇಂಟರ್‌ಮೀಡಿಯೆಟ್‌ನಲ್ಲಿ ‘ಎ’ ದರ್ಜೆ ಬಂದರೆ 7 ಅಂಕ, ‘ಬಿ’ಗೆ 5, ‘ಸಿ’ಗೆ 3. ಶಾಸ್ತ್ರೀಯ ಸಂಗೀತದ ಪರೀಕ್ಷೆಗಳಿಗೂ ಅಂಕ ಉಂಟು. ಒಂದು ಅಂಕಕ್ಕೆ ಕಾಲೇಜು ತಪ್ಪುವ ಈ ಕಾಲದಲ್ಲಿ ಏಳು ಅಂಕವೆಂದರೆ ತಂದೆತಾಯಿಗಳ ಬಾಯಲ್ಲಿ ನೀರೂರದೆ ಇದ್ದೀತೆ? ಹೂವಿನ ಚಿತ್ರ ಬರೆಯಲು ಕೂತ ಮಗುವಿಗೆ ಹೂವು ಕಾಣುವುದಿಲ್ಲ, ಏಳು ಕಾಣುತ್ತದೆ. ಅಂಕ ಕೊಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಬಡವರ ಮನೆಯ ಮಗು ಚೆನ್ನಾಗಿ ಚಿತ್ರ ಬರೆದರೆ ಅದಕ್ಕೂ ಒಂದು ಬೆಲೆ ಸಿಗಲಿ. ಆದರೆ ಬೆಲೆ ಕಟ್ಟಿದ ಮೇಲೆ ಯಾವ ವಸ್ತುವೂ ಪೇಟೆಗೆ ಬರದೆ ಇರುವುದಿಲ್ಲ.

ನಮ್ಮ ಸೆಕ್ಷನ್ನಿನಲ್ಲಿ ಒಬ್ಬ ಮಿತ್ರರಿದ್ದಾರೆ. ಅವರ ಮಗನ ವಾರದ ವೇಳಾಪಟ್ಟಿಯನ್ನು ಅವರು ತಮ್ಮ ಟೇಬಲ್ಲಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ಸೋಮವಾರ ತಬಲಾ, ಮಂಗಳವಾರ ಕರಾಟೆ, ಬುಧವಾರ ಚಿತ್ರಕಲೆ. ಹೀಗೆ ರವಿವಾರದವರೆಗೆ ಒಂದು ಮನೆಯೂ ಖಾಲಿ ಇರಲಿಲ್ಲ. ನಮ್ಮ ಕಚೇರಿಯ ಯಾವ ರಿಜಿಸ್ಟರೂ ಅಷ್ಟು ಅಚ್ಚುಕಟ್ಟಾಗಿ ತುಂಬಿದ್ದನ್ನು ನಾವು ಕಂಡಿಲ್ಲ. ಒಂದು ಸಂಜೆ ರಿಕ್ಷಾದಲ್ಲಿ ತಬಲಾ ಚೀಲವನ್ನು ತಬ್ಬಿಕೊಂಡು ನಿದ್ದೆ ಹೋಗಿದ್ದ ಆ ಹುಡುಗನನ್ನು ನೋಡಿದೆವು. ಹದಿನಾಲ್ಕು ವರ್ಷದ ಮುಖದ ಮೇಲೆ ನಿವೃತ್ತಿಯ ಅಂಚಿನಲ್ಲಿರುವ ಹೆಡ್ ಕ್ಲಾರ್ಕಿನ ಆಯಾಸ. ಒಂಬತ್ತನೆಯ ಇಯತ್ತೆಗೆ ಬರುವಷ್ಟರಲ್ಲಿ ಆತ ಏಳನ್ನೂ ಬಿಟ್ಟನೆಂದು ಮಿತ್ರರು ಹೇಳಿದರು. ಈಗ ಬಾಗಿಲು ಹಾಕಿಕೊಂಡು ಮೊಬೈಲು ನೋಡುತ್ತಾನಂತೆ. ಹುಡುಗ ಸೋಮಾರಿ ಎಂದು ಅವರ ಮನೆಯಲ್ಲಿ ಅನ್ನುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ಅವನು ಏಳು ನೌಕರಿ ಮಾಡಿ ರಾಜೀನಾಮೆ ಕೊಟ್ಟವನು.

ನಮ್ಮ ಕಾಲಕ್ಕೆ ಈ ಪೇಚಾಟವಿರಲಿಲ್ಲ. ನಾವು ಹೈಸ್ಕೂಲಿನಲ್ಲಿ ಇದ್ದದ್ದು 1992ರಿಂದ 1995ರವರೆಗೆ. ಗದಗು ಆಗಿನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ಪ್ರತಿಭಾ ಕಾರಂಜಿ ಮೊದಲಾದವು ಇನ್ನೂ ಬಂದಿರಲಿಲ್ಲ. ಸಂಜೆ ಕಬಡ್ಡಿ, ಆಗಸ್ಟ್ 15ಕ್ಕೆ ಪ್ರಭಾತಫೇರಿ, ಗ್ಯಾದರಿಂಗಿಗೆ ಒಂದು ನಾಟಕ. ಇಷ್ಟಕ್ಕೆ ಚಟುವಟಿಕೆಗಳ ಪಟ್ಟಿ ಮುಗಿಯುತ್ತಿತ್ತು. ಆದರೂ ಹಿಂತಿರುಗಿ ನೋಡಿದರೆ ಪಾಠ ಬಿಟ್ಟು ಎರಡು ಸಂಗತಿಗಳನ್ನು ನಾವು ಅಲ್ಲಿ ಕಲಿತೆವು. ಎರಡೂ ಶಾಲೆಯ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಒಂದು ಟೈಪಿಂಗು. ಬೇಸಿಗೆ ರಜೆಯಲ್ಲಿ ತಂದೆಯವರು ಬಸ್‌ಸ್ಟ್ಯಾಂಡಿನ ಮಗ್ಗುಲಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕರೆದೊಯ್ದು ಕೂರಿಸಿದರು. ‘ನಿನಗೆ ಇಷ್ಟವೇ’ ಎಂದು ಅವರು ಕೇಳಲಿಲ್ಲ, ನಾವೂ ಕೇಳಲಿ ಎಂದು ಕಾಯಲಿಲ್ಲ. ಎ ಎಸ್ ಡಿ ಎಫ್ ಜಿ ಎಫ್ ಎಂದು ಕಬ್ಬಿಣದಂಥ ಕೀಲಿಗಳನ್ನು ಕುಟ್ಟಿ ಕುಟ್ಟಿ ಕಿರುಬೆರಳು ಬಾತುಕೊಂಡಿತು. ಜೂನಿಯರ್ ಆಯಿತು, ಸೀನಿಯರ್ ಆಯಿತು. ಗುಮಾಸ್ತರ ನೇಮಕಾತಿಗೆ ನಿಮಿಷಕ್ಕೆ ಇಂತಿಷ್ಟು ಶಬ್ದ ಎಂಬ ಟೈಪಿಂಗ್ ಪರೀಕ್ಷೆ ಉಂಟಲ್ಲ, ಅದನ್ನು ದಾಟಿಸಿದ್ದು ಆ ಬೇಸಿಗೆಗಳೇ. ಇಂದು ನಾವು ಉಣ್ಣುವ ಅನ್ನದಲ್ಲಿ ಬಿ.ಎಸ್‌ಸಿ.ಯ ಪಾಲು ಎಷ್ಟೋ ಟೈಪಿಂಗಿನ ಪಾಲೂ ಅಷ್ಟೇ ಇದೆ.

ಎರಡನೆಯದು ಮಳೆಯ ಡಬ್ಬಿ. ನಮ್ಮ ವಿಜ್ಞಾನದ ಮಾಸ್ತರರು ಶಾಲೆಯ ಬಯಲಿನ ಮೂಲೆಯಲ್ಲಿ, ಗಿಡದ ನೆರಳು ಬೀಳದ ಕಡೆ, ಒಂದು ತಗಡಿನ ಡಬ್ಬಿ ಹೂಳಿಸಿದ್ದರು. ಬಾಯಿ ಎಷ್ಟು ಅಗಲವೋ ತಳವೂ ಅಷ್ಟೇ ಅಗಲವಿದ್ದರೆ, ಒಳಗೆ ನಿಂತ ನೀರಿನ ಆಳವೇ ಮಳೆಯ ಅಳತೆ. ಇಷ್ಟೇ ಶಾಸ್ತ್ರ. ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುತ್ತಾರೆ, ನಾವೂ ಅದೇ ಹೊತ್ತಿಗೆ ಅಳೆಯಬೇಕು ಎಂದು ಅವರ ಕಟ್ಟಪ್ಪಣೆ. ‘ಯಾರು ಅಳೀತೀರಿ?’ ಎಂದು ಕೇಳಿದಾಗ ಕೈ ಎತ್ತಿದವರು ನಾವೊಬ್ಬರೇ. ಯಾಕೆ ಎತ್ತಿದೆವೋ ಇಂದಿಗೂ ಹೇಳಲು ಬರುವುದಿಲ್ಲ. ಮೂರು ವರ್ಷ, ರಜೆಯಲ್ಲೂ ತಪ್ಪದೆ, ಅಡಿಪಟ್ಟಿ ಹಿಡಿದು ಹೋಗಿ ಅಳೆದು ಒಂದು ವಹಿಯಲ್ಲಿ ಬರೆದಿಟ್ಟೆವು.

ನಮ್ಮ ಸೀಮೆಯಲ್ಲಿ ಮಳೆ ಬರುವ ದಿನಕ್ಕಿಂತ ಬರದ ದಿನಗಳೇ ಹೆಚ್ಚು. ಬರೆಯಲು ಏನೂ ಇಲ್ಲವಲ್ಲ ಎಂದು ಮೊದಲ ವಾರವೇ ಕೇಳಿದೆವು. ಮಾಸ್ತರರು ಅಂದರು: ‘ಮಳಿ ಬರದ ದಿನ ಸೊನ್ನಿ ಬರಿಯಪ್ಪಾ. ಜಾಗಾ ಖಾಲಿ ಬಿಟ್ಟರ ಮಳಿ ಬರಲಿಲ್ಲೋ ನೀ ಬರಲಿಲ್ಲೋ, ಯಾರಿಗೆ ಗೊತ್ತಾಗ್ತದ?’

ಈ ಮಾತು ನಮ್ಮನ್ನು ಬಿಟ್ಟುಹೋಗಿಲ್ಲ. ಸರಕಾರಿ ನೌಕರಿಯಲ್ಲಿ ‘ನಿಲ್ ರಿಪೋರ್ಟ್’ ಎಂಬುದೊಂದಿದೆ. ಹೇಳಲು ಏನೂ ಇಲ್ಲ ಎಂಬುದನ್ನೂ ವರದಿಯಾಗಿ ಕಳಿಸಬೇಕು. ಹೊಸದಾಗಿ ಸೇರಿದ ಹುಡುಗರು ಅದನ್ನು ನೋಡಿ ನಗುತ್ತಾರೆ. ನಾವು ನಗುವುದಿಲ್ಲ. ಆ ಡಬ್ಬಿಯಿಂದಲೇ ನಮಗೆ ಬಿ.ಎಸ್‌ಸಿ. ಓದುವ ಮನಸ್ಸಾಯಿತು. ಪುಣೆಗೆ ಬಂದ ಹೊಸದರಲ್ಲಿ ಶಿವಾಜಿನಗರದ ‘ಸಿಮ್ಲಾ ಆಫೀಸು’ ಎಂಬ ಕಲ್ಲಿನ ಕಟ್ಟಡದ ಮುಂದೆ ಸುಮ್ಮನೆ ನಿಂತು ಬಂದದ್ದುಂಟು. ಹವಾಮಾನ ಇಲಾಖೆಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದ ಆ ಹೆಸರು. ಇಂದಿಗೂ ಮಳೆ ಬಂದ ರಾತ್ರಿ ನಮಗೆ ಎಚ್ಚರವಾಗುತ್ತದೆ. ಎಷ್ಟು ಮಿಲಿಮೀಟರ್ ಬಿದ್ದಿರಬಹುದು ಎಂದು ಲೆಕ್ಕ ಹಾಕಿ ಮತ್ತೆ ಮಲಗುತ್ತೇವೆ. ಇದಕ್ಕೆ ಯಾರೂ ಪ್ರಮಾಣಪತ್ರ ಕೊಡಲಿಲ್ಲ. ಮೂರು ವರ್ಷದ ವಹಿ ಶಾಲೆಯ ಯಾವ ಕಪಾಟಿನಲ್ಲಿ ಗೆದ್ದಲು ತಿಂದಿತೋ ತಿಳಿಯದು.

ಒಟ್ಟಿನಲ್ಲಿ ಟೈಪಿಂಗು ಹೊಟ್ಟೆಗಾಯಿತು, ಮಳೆಯ ಡಬ್ಬಿ ನಮಗಾಯಿತು. ಮೊದಲನೆಯದನ್ನು ತಂದೆ ಆರಿಸಿದರು. ಅದು ಅವರ ಹಕ್ಕೂ ಹೌದು, ಕರ್ತವ್ಯವೂ ಹೌದು. ಈಜು, ಸೈಕಲ್ಲು, ನಾಲ್ಕು ಜನರ ಮುಂದೆ ನಿಂತು ಮಾತಾಡುವುದು, ಒಂದು ಹೊತ್ತಿನ ಅಡಿಗೆ ಮಾಡಿಕೊಳ್ಳುವುದು, ಇಂಥವನ್ನು ಮಗುವಿಗೆ ಇಷ್ಟವಿರಲಿ ಬಿಡಲಿ, ದೊಡ್ಡವರು ಕಲಿಸಬೇಕು. ಎರಡನೆಯದನ್ನು ಮಾತ್ರ ನಾವೇ ಕೈ ಎತ್ತಿ ಆರಿಸಿಕೊಂಡೆವು. ಮೊದಲನೆಯದನ್ನು ಎರಡನೆಯದರ ಹೆಸರಿನಲ್ಲಿ ಮಗುವಿನ ತಲೆಗೆ ಕಟ್ಟುವುದರಿಂದಲೇ ಈ ಗೊಂದಲವೆಲ್ಲ ಹುಟ್ಟುತ್ತದೆ ಎಂದು ನಮ್ಮ ಅಭಿಪ್ರಾಯ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪಠ್ಯ ಮತ್ತು ಪಠ್ಯೇತರ ಎಂಬ ಗಟ್ಟಿಯಾದ ಗೋಡೆ ಇರಬಾರದೆಂದು ಹೇಳಿದ್ದಾರೆ. ಮಾತು ಒಳ್ಳೆಯದೇ. ಆದರೆ ಗೋಡೆ ಬಿದ್ದ ಮೇಲೆ ಯಾವುದು ಯಾವ ಕಡೆಗೆ ಹರಿಯುತ್ತದೆ ಎಂದು ನೋಡಬೇಕಲ್ಲ! ಪಾಠದೊಳಗೆ ಆಟ ಬಂದರೆ ಸಂತೋಷ. ಆಟದೊಳಗೂ ಪರೀಕ್ಷೆ ಬಂದು ಕೂತರೆ ಮಗು ಉಸಿರಾಡುವುದೆಲ್ಲಿ?

ಈ ವಿಷಯದಲ್ಲಿ ನಮ್ಮೂರಿನವರೇ ಆಗಿಹೋದ ಇಬ್ಬರು ದೊಡ್ಡವರ ನೆನಪಾಗುತ್ತದೆ. ಪುಣೆ ವಿದ್ಯಾಪೀಠದ ಆವರಣದಲ್ಲಿ 1988ರಲ್ಲಿ ‘ಆಯುಕಾ’ ಎಂಬ ಖಗೋಳ ಸಂಸ್ಥೆಯನ್ನು ಕಟ್ಟಿದ ಜಯಂತ ನಾರಳೀಕರರು 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಎರಡನೆಯ ಶನಿವಾರ ಶಾಲೆಯ ಮಕ್ಕಳಿಗಾಗಿ ಅಲ್ಲಿ ಉಪನ್ಯಾಸ ನಡೆಸುವ ಪದ್ಧತಿ ಬಹಳ ವರ್ಷಗಳಿಂದ ಬಂದದ್ದು. ಅವರ ಸಹಿ ಕೇಳಲು ಬಂದ ಮಕ್ಕಳಿಗೆ ನಾರಳೀಕರರು, ಒಂದು ಪೋಸ್ಟ್ ಕಾರ್ಡಿನಲ್ಲಿ ಪ್ರಶ್ನೆ ಬರೆದು ಕಳಿಸು, ಉತ್ತರ ಬರೆದು ಕೆಳಗೆ ಸಹಿ ಮಾಡುತ್ತೇನೆ ಎನ್ನುತ್ತಿದ್ದರಂತೆ. ಅದೇ ಆಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನಿಂದ, ಕಸಕ್ಕೆ ಎಸೆದ ಸಾಮಾನಿನಿಂದ, ಮಕ್ಕಳ ಕೈಯಲ್ಲಿ ಆಟಿಕೆ ಮಾಡಿಸಿ ವಿಜ್ಞಾನ ಹೇಳಿಕೊಟ್ಟರು. ಅಲ್ಲಿ ದರ್ಜೆಯೂ ಇಲ್ಲ, ಅಂಕವೂ ಇಲ್ಲ.

ಇನ್ನೊಬ್ಬರು ನಮ್ಮ ಗಿರೀಶ ಕಾರ್ನಾಡರು. 1974-75ರಲ್ಲಿ ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಅವರು ಹುಡುಗರಾಗಿದ್ದಾಗ ಪ್ರಸಿದ್ಧರ ಚಿತ್ರ ಬರೆದು, ಅಂಚೆಯಲ್ಲಿ ಅವರಿಗೇ ಕಳಿಸಿ, ಸಹಿ ತರಿಸಿಕೊಳ್ಳುವ ಹವ್ಯಾಸ ಇಟ್ಟುಕೊಂಡಿದ್ದರು. ಐರಿಶ್ ನಾಟಕಕಾರ ಶಾನ್ ಓ’ಕೇಸಿ ಮಾತ್ರ, ಬೇರೆಯವರ ಸಹಿ ಕೂಡಿಸುತ್ತ ಕಾಲ ಕಳೆಯುವ ಬದಲು ನಿನ್ನ ಸಹಿಯನ್ನು ಜನ ಕೇಳುವಂಥದೇನಾದರೂ ಮಾಡು ಎಂಬರ್ಥದ ಉತ್ತರ ಬರೆದರಂತೆ. ಕಾರ್ನಾಡರೇ ಇದನ್ನು ಹೇಳಿಕೊಂಡಿದ್ದಾರೆ. ನಮ್ಮಂಥ ಗುಮಾಸ್ತರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರಮಾಣಪತ್ರವೆಂದರೂ ಬೇರೆಯವರ ಸಹಿಯೇ ತಾನೆ? ಫೈಲು ತುಂಬ ಸಹಿ ಕೂಡಿಸಿದ ಮಗು ಕೊನೆಗೆ ತನ್ನದೆಂದು ಏನು ಬರೆಯಿತು ಎಂಬುದು ಪ್ರಶ್ನೆ.

ಇಷ್ಟೆಲ್ಲ ತತ್ತ್ವ ಹೇಳುವುದು ಸುಲಭ. ಮನೆಯಲ್ಲಿ ಫಾರ್ಮು ಬಂದಾಗ ನಡೆದದ್ದನ್ನು ಈಗ ಹೇಳುತ್ತೇವೆ.

ಮಗಳು ನಾಲ್ಕು ವರ್ಷದಿಂದ ಸಂಗೀತ ಕಲಿಯುತ್ತಿದ್ದಳು. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ, ಪ್ರವೇಶಿಕಾ ಪ್ರಥಮ, ಪ್ರವೇಶಿಕಾ ಪೂರ್ಣ, ಮೂರು ಪರೀಕ್ಷೆ ಪಾಸಾಗಿದ್ದವು. ಇದು ನಮ್ಮಾಕೆಯ ಆಸೆ. ಗದಗ ಸೀಮೆಯವರಾಗಿ ಪುಣೆಯಲ್ಲಿದ್ದ ಮೇಲೆ ಈ ಆಸೆ ತಪ್ಪಲ್ಲ. ಭೀಮಸೇನ ಜೋಶಿಯವರು ನಮ್ಮ ಕಡೆಯಿಂದ ಬಂದು ಈ ಊರಿನವರಾದರು. ಕುಂದಗೋಳದ ತಮ್ಮ ಗುರುಗಳ ಹೆಸರಿನಲ್ಲಿ ಇಲ್ಲಿ 1953ರಲ್ಲಿ ಸವಾಯಿ ಗಂಧರ್ವ ಉತ್ಸವ ಆರಂಭಿಸಿದರು. ಪ್ರತಿ ಡಿಸೆಂಬರಿನಲ್ಲಿ ನಮ್ಮಾಕೆ ಶಾಲು ಹೊದ್ದು ಅಲ್ಲಿ ಕೂತು, ಮಗಳನ್ನು ಆ ವೇದಿಕೆಯ ಮೇಲೆ ಮನಸ್ಸಿನಲ್ಲೇ ಕೂರಿಸಿ ಬರುತ್ತಿದ್ದಳು.

ಜೂನ್ ತಿಂಗಳ ಒಂದು ರಾತ್ರಿ ಊಟಕ್ಕೆ ಕೂತಾಗ ಮಗಳು ಹೇಳಿದಳು: ‘ಅಪ್ಪಾ, ನಾ ಎನ್‌.ಸಿ.ಸಿ. ತಗೋತೀನಿ. ಸಂಗೀತ ಬಿಡ್ತೀನಿ.’

‘ನಾಕು ವರ್ಷ ಕಲಿತದ್ದು ಹೊಳ್ಯಾಗ ಹುಣಸಿಹಣ್ಣ ತೊಳದಂಗಾತಲ್ಲ!’ ಎಂದಳು ನಮ್ಮಾಕೆ.

‘ಯಾಕವಾ, ಎರಡೂ ಮಾಡಬಾರದೇನು?’ ಎಂದು ನಾವು ಕಚೇರಿಯ ರೀತಿಯ ಮಧ್ಯಮಮಾರ್ಗ ಸೂಚಿಸಿದೆವು. ಪರೇಡು ಶನಿವಾರ, ಸಂಗೀತವೂ ಶನಿವಾರ. ಅದನ್ನು ಬೇಕಾದರೆ ಬುಧವಾರಕ್ಕೆ ಹಾಕಿಸಬಹುದಿತ್ತು.

‘ಎರಡೂ ಮಾಡಿದ್ರ ಎರಡೂ ಅರ್ಧ ಆಗ್ತಾವ ಅಪ್ಪಾ.’

‘ಹಾಡೂದು ಬ್ಯಾಸರಾಗೇದೇನು?’

‘ಹಾಡೂದು ಬ್ಯಾಸರಾಗಿಲ್ಲ. ಪರೀಕ್ಷಾದ ಸಲುವಾಗಿ ಹಾಡೂದು ಬ್ಯಾಸರಾಗೇದ.’

ನಮ್ಮ ತಾಯಿ ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ‘ಭೀಮಸೇನಪ್ಪನೂ ಹನ್ನೊಂದು ವರ್ಷಕ್ಕ ಮನೀ ಬಿಟ್ಟು ಓಡಿಹೋಗಿದ್ದನಲ್ಲ. ಇಕಿ ಕೇಳ್ಯಾರ ಕೇಳ್ತಾಳ’ ಎಂದರು. 1933ರಲ್ಲಿ ಸಂಗೀತಕ್ಕಾಗಿ ಮನೆ ಬಿಟ್ಟವರ ಉದಾಹರಣೆ, ಸಂಗೀತ ಬಿಡುವವಳ ಪರವಾಗಿ ಬಂದದ್ದು ವಿಚಿತ್ರವೇ. ಆದರೆ ಆ ಮಾತಿನ ಮುಂದೆ ಯಾರೂ ಬಾಯಿ ತೆರೆಯಲಿಲ್ಲ.

ಮಗಳಿಗೆ ಈ ಹುಚ್ಚು ಎಲ್ಲಿಂದ ಬಂತೆಂದು ನಮಗೆ ಗೊತ್ತು. ಪುಣೆಯ ಮಗ್ಗುಲಲ್ಲೇ ಖಡಕವಾಸಲಾ. ಅಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಸುಪ್ರೀಂ ಕೋರ್ಟಿನ 2021ರ ಆದೇಶದ ನಂತರ ಹುಡುಗಿಯರಿಗೂ ಅದರ ಬಾಗಿಲು ತೆರೆಯಿತು. 2022ರಲ್ಲಿ ಮೊದಲ ತಂಡ ಒಳಗೆ ಹೋಯಿತು; 2025ರ ಮೇ 30ರಂದು ಅವರಲ್ಲಿ 17 ಹುಡುಗಿಯರು ತರಬೇತಿ ಮುಗಿಸಿ ಹೊರಬಂದರು. ಪೇಪರಿನಲ್ಲಿ ಬಂದ ಅವರ ಚಿತ್ರವನ್ನು ಮಗಳು ಕತ್ತರಿಸಿ ಸಂಗೀತದ ವಹಿಯಲ್ಲೇ ಇಟ್ಟಿದ್ದಳು. ಮುಂದೆ ಅವಳು ಅಲ್ಲಿಗೆ ಹೋಗುತ್ತಾಳೋ ಇಲ್ಲವೋ ಈಗ ಹೇಳಲಾಗದು. ಹದಿಮೂರರ ಹುಚ್ಚು ಹದಿನೇಳಕ್ಕೆ ಇರಬೇಕೆಂಬ ಕಟ್ಟಳೆಯೂ ಇಲ್ಲ.

ಆಯ್ಕೆಯ ದಿನ ಓಡಿಸಿದರು, ಎತ್ತರ ಅಳೆದರು, ನಾಲ್ಕು ಪ್ರಶ್ನೆ ಕೇಳಿದರು. ಪಟ್ಟಿ ಬಂದಾಗ ನಮ್ಮ ಮಗಳ ಹೆಸರು ಅದರಲ್ಲಿ ಇರಲಿಲ್ಲ. ಕೆಳಗೆ, ಜಾಗ ಖಾಲಿಯಾದರೆ ತೆಗೆದುಕೊಳ್ಳುವವರ ಸಾಲಿನಲ್ಲಿ, ಎರಡನೆಯದಾಗಿ ಇತ್ತು. ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಂಗೀತಕ್ಕೆ ಮರಳಲು ಇದೇ ಸಮಯವೆಂದು ನಮ್ಮಾಕೆ ಮೆಲ್ಲಗೆ ಸೂಚಿಸಿದಳು. ಮಗಳು ಒಪ್ಪಲಿಲ್ಲ. ಶನಿವಾರ ಬಂತು; ಶಾಲೆ ಬಿಟ್ಟ ಮೇಲೆ ಬಯಲಿನ ಕಟ್ಟೆಯ ಮೇಲೆ ಕೂತು ಉಳಿದವರ ಪರೇಡು ನೋಡಿ ಬಂದಳು. ಮುಂದಿನ ಶನಿವಾರವೂ ಹೋದಳು. ಮಳೆ ಹಿಡಿದರೂ ಹೋದಳು. ಮನೆಗೆ ಬಂದು ಅಡಿಗೆಮನೆಯಿಂದ ಬಾಗಿಲವರೆಗಿನ ಹತ್ತು ಹೆಜ್ಜೆಯಲ್ಲಿ ‘ದಾಯೇ ಮುಡ್, ಬಾಯೇ ಮುಡ್’ ಎಂದು ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ಸಮವಸ್ತ್ರವಿಲ್ಲ, ಹಾಜರಿಯಿಲ್ಲ, ಅವಳ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಜೂನ್ ಕೊನೆಯಿಂದ ದೀಪಾವಳಿಯವರೆಗೆ ಇದೇ ನಡೆಯಿತು. ಒಂದು ದಿನ ಅವಳ ಕ್ಯಾಲೆಂಡರಿನಲ್ಲಿ ನೋಡಿದೆವು: ಪ್ರತಿ ಶನಿವಾರದ ಮನೆಯಲ್ಲಿ ‘ಹೋಗಿದ್ದೆ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದಳು. ಜ್ವರ ಬಂದ ಒಂದು ಶನಿವಾರದಲ್ಲಿ ಸೊನ್ನೆ ಇತ್ತು. ನಾವು ಅವಳಿಗೆ ಮಳೆಯ ಡಬ್ಬಿಯ ಕಥೆಯನ್ನು ಎಂದೋ ಹೇಳಿದ್ದಿರಬೇಕು.

ದೀಪಾವಳಿಯ ನಂತರ ಮೊದಲನೆಯವಳು ಒಳಗೆ ಹೋದಳು, ಒಬ್ಬಳ ತಂದೆಗೆ ವರ್ಗವಾಗಿ ಇನ್ನೊಂದು ಜಾಗ ಖಾಲಿಯಾಯಿತು, ನಮ್ಮ ಮಗಳಿಗೆ ಖಾಕಿ ಬಟ್ಟೆ ಬಂತು. ಆಮೇಲೆ ಬಂತು ಹತ್ತು ದಿನದ ಶಿಬಿರದ ಒಪ್ಪಿಗೆ ಪತ್ರ. ಊರ ಹೊರಗೆ ವಾಸ, ಬೆಳಗಿನ ಐದಕ್ಕೆ ಏಳುವುದು, ಮನೆಯ ಮುಖವಿಲ್ಲ. ಪೋಷಕರ ಸಹಿ ಬೇಕು. ನಮ್ಮಾಕೆ ಆ ಕಾಗದವನ್ನು ಎರಡು ದಿನ ದೇವರ ಮನೆಯಲ್ಲಿ ಇಟ್ಟಳು. ಹುಡುಗಿ, ಹೊರಗೆ ಮಲಗುವುದು, ಊಟ ಹೇಗೋ ಏನೋ ಎಂದು ಅವಳಿಗೆ ಚಿಂತೆ. ಅದು ಸಹಜವೇ, ನಾವು ಒತ್ತಾಯ ಮಾಡಲಿಲ್ಲ.

ಮೂರನೆಯ ದಿನ ರಾತ್ರಿ ತಾನಾಗಿಯೇ ಹೇಳಿದಳು: ‘ರೀ, ನಾ ಖೋ-ಖೋ ಆಡ್ತಿದ್ದೆ, ಗೊತ್ತೇನು ನಿಮಗ?’ ಹದಿನೇಳು ವರ್ಷದ ಸಂಸಾರದಲ್ಲಿ ನಮಗೆ ಅದು ಗೊತ್ತಿರಲಿಲ್ಲ. ‘ತಾಲೂಕಿನ ತನಕಾ ಹೋಗಿದ್ವಿ. ಎಂಟನೇದಾಗ ಬಿಡಿಸಿದ್ರು. ದೊಡ್ಡಾಕಿ ಆದಿ, ಬಯಲಾಗ ಓಡೂದು ಸಾಕು ಅಂದ್ರು. ಮನ್ಯಾಗ ಕೂತು ಮಾಡೂ ಹಂಗಿರಲಿ ಅಂತ ಸಂಗೀತಕ್ಕ ಹಾಕಿದ್ರು.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಂಗೀತ ಆಮ್ಯಾಲೆ ಹಿಡಿಸ್ತು, ಇಲ್ಲ ಅನ್ನಂಗಿಲ್ಲ. ಆದ್ರ ಅದನ್ನ ನಾ ಬೇಡಿದ್ದಿಲ್ಲ’ ಎಂದಳು. ಎದ್ದುಹೋಗಿ ದೇವರ ಮನೆಯಿಂದ ಕಾಗದ ತಂದು ಸಹಿ ಮಾಡಿದಳು. ಕನ್ನಡದಲ್ಲೇ ಮಾಡಿದಳು. ಶಾಲೆಯವರು ಏನೂ ಅನ್ನಲಿಲ್ಲ.

ಸಂಗೀತದ ಬಾಯಿಯವರಿಗೆ ವರ್ಷದ ಫೀ ಮುಂಗಡವಾಗಿ ಕೊಟ್ಟಿತ್ತು. ಮಗಳು ಬರದಿದ್ದರೆ ನೀವೇ ಬನ್ನಿ ಎಂದು ಅವರು ನಮ್ಮಾಕೆಗೆ ಹೇಳಿದರು. ಅವಳು ಈಗ ಶನಿವಾರ ಸಂಜೆ ಹೋಗುತ್ತಾಳೆ. ಪರೀಕ್ಷೆ ಕಟ್ಟುತ್ತೀಯಾ ಎಂದು ನಾವು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಮಗಳು ಬೂಟಿಗೆ ಪಾಲಿಶ್ ಹಾಕುವಾಗ ಭೂಪ ರಾಗವನ್ನು ತನ್ನಷ್ಟಕ್ಕೆ ಗುನುಗುತ್ತಾಳೆ; ಸ್ವರ ತಪ್ಪಿದರೆ ಅವ್ವ ಅಡಿಗೆಮನೆಯಿಂದ ತಿದ್ದುತ್ತಾಳೆ. ನಾಲ್ಕು ವರ್ಷದ ಕಲಿಕೆ ಹೊಳೆಯ ಪಾಲಾಗಿಲ್ಲ.

ಇಷ್ಟರ ಮೇಲೆ ನಾವು ಕಂಡುಕೊಂಡ ಒಂದೆರಡು ಮಾತು. ಬದುಕಿಗೆ ಬೇಕಾದ ವಿದ್ಯೆಯನ್ನು ನಾವು ಆರಿಸೋಣ. ಮನಸ್ಸಿಗೆ ಬೇಕಾದದ್ದನ್ನು ಮಗು ಆರಿಸಲಿ. ಅದು ಒಂದೇ ಇರಲಿ, ಒಂದು ವರ್ಷವಾದರೂ ನಡೆಯಲಿ. ವರ್ಷದ ಮೇಲೆ ಬೇಡವೆಂದರೆ ಬಿಡಲು ಅಪ್ಪಣೆ ಇರಲಿ. ಅಂಕ, ಪ್ರಮಾಣಪತ್ರ, ಪದಕ ಮೂರೂ ಇಲ್ಲದಿದ್ದರೂ ಮಗು ಯಾವುದಕ್ಕೆ ಎದ್ದುಹೋಗುತ್ತದೆ ಎಂದು ಸುಮ್ಮನೆ ಗಮನಿಸಿದರೆ ಸಾಕು, ಉತ್ತರ ಅಲ್ಲೇ ಇರುತ್ತದೆ. ನಮ್ಮ ಪಾಲಿನ ಕೆಲಸ ರಿಕ್ಷಾದ ಬಾಡಿಗೆ, ಬೂಟಿನ ಖರ್ಚು ಮತ್ತು ಗೇಟಿನ ಹೊರಗೆ ಕಾಯುವುದು.

ಇದನ್ನು ಬರೆಯುವಾಗ ಮಗಳು ಶಿಬಿರದಲ್ಲಿದ್ದಾಳೆ. ಇಂದಿಗೆ ನಾಲ್ಕನೆಯ ದಿನ. ಮನೆ ಬಿಕೋ ಎನ್ನುತ್ತಿದೆ. ಬರುವ ಜೂನ್‌ನಲ್ಲಿ ಇನ್ನೆಷ್ಟೋ ಮನೆಗಳಿಗೆ ಆ ಫಾರ್ಮು ಬರುತ್ತದೆ. ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ: ಚಟುವಟಿಕೆಯ ಹೆಸರು ಬರೆಯುವ ಆ ಒಂದು ಸಾಲನ್ನು ಮಗುವಿನ ಕೈಯಿಂದಲೇ ತುಂಬಿಸಿರಿ. ಅಕ್ಷರ ಸೊಟ್ಟಗಿದ್ದರೂ ಅಡ್ಡಿಯಿಲ್ಲ. ಕೆಳಗಿನ ಸಹಿ ನಾವು ಮಾಡಿದರಾಯಿತು.